ನೆಲ ನಿಜವಾಗಿ ಡೊಂಕಿತ್ತು

ನಾನು ಒಂದು ಎಲೆಕ್ಟ್ರಿಕ್ ಗಿಟಾರ್. ಹೊಟ್ಟೆ ಟೊಳ್ಳಾದ ಗಿಟಾರ್‌ಗಳನ್ನು ನೀವು ನೋಡಿರುತ್ತೀರಿ. ನಾನು ಆ ಜಾತಿಯವನಲ್ಲ. ನನ್ನ ಮೈ ಒಂದೇ ಗಟ್ಟಿ ಹಲಗೆ. ಹೆಗಲಿಗೆ ತೂಗುಹಾಕಿಕೊಂಡವರು ಅರ್ಧ ಗಂಟೆ ಆಗುವುದರೊಳಗೆ ಪಟ್ಟಿಯ ಕೆಳಗೆ ಕರವಸ್ತ್ರ ಮಡಚಿ ಇಟ್ಟುಕೊಳ್ಳುತ್ತಾರೆ. ಬಣ್ಣ ಕೆಂಪು. ಕುಂಕುಮದ ಕೆಂಪಲ್ಲ, ರೈಲ್ವೆ ಸಿಗ್ನಲ್ಲಿನ ಕೆಂಪು. ನಲವತ್ತು ವರ್ಷ ದಾಟಿದರೂ ಅದು ಮಾಸಿಲ್ಲ. ನಾನು ಕೆಟ್ಟ ಗಿಟಾರ್ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನಿಂದ ಒಬ್ಬ ಮನುಷ್ಯನಿಗೆ ಇಪ್ಪತ್ತೈದು ವರ್ಷ ಅನ್ಯಾಯವಾಯಿತು. ಅದನ್ನೂ ಹೇಳಲೇಬೇಕು.

ನಾನು ಹುಟ್ಟಿದ್ದು ಕೋಲ್ಕತ್ತದ ಒಂದು ಓಣಿಯಲ್ಲಿ, ನಿಬಾರಣಬಾಬು ಎಂಬ ಮುದುಕನ ಕೈಯಲ್ಲಿ. ಆತ ಒಳ್ಳೆಯ ಕೆಲಸಗಾರ. ನನ್ನ ದಂಡಿಯ ಮೇಲೆ ಇಪ್ಪತ್ತೊಂದು ಲೋಹದ ಮೆಟ್ಟಿಲುಗಳನ್ನು ಕೂರಿಸಿದ. ಅದಕ್ಕೆ ಅವನ ಅಪ್ಪನ ಕಾಲದ ತಗಡಿನ ಅಚ್ಚು ಇತ್ತು, ಒಂದು ಮೆಟ್ಟಿಲೂ ತಪ್ಪಲಿಲ್ಲ. ಮೇಲೆ ತಂತಿ ಬಿಗಿಯುವ ಆರು ಬಿರಡೆ. ಕೆಳಗೆ, ತಂತಿಗಳ ಬುಡ ಸಿಕ್ಕಿಸಲು ಒಂದು ಬಾಲದ ಪಟ್ಟಿ. ಕೊನೆಗೆ ಉಳಿದದ್ದು ಕುದುರೆ. ಸಿತಾರ, ವೀಣೆ ಬಲ್ಲವರಿಗೆ ಕುದುರೆ ಎಂದರೆ ಗೊತ್ತು: ತಂತಿಗಳು ಹತ್ತಿ ಕೂರುವ ಸಣ್ಣ ಅಡ್ಡಪಟ್ಟಿ. ನನ್ನದು ಹಿತ್ತಾಳೆಯದು, ಎರಡು ಸ್ಕ್ರೂಗಳಿಂದ ಮೈಗೆ ಬಿಗಿಯುವಂಥದು.

ಕುದುರೆಯ ಜಾಗ ಗುರುತಿಸಲು ನಿಬಾರಣಬಾಬು ಮರದ ಅಳತೆಕೋಲು ತೆಗೆದುಕೊಂಡ. ಅದರ ಮೊದಲ ತುದಿ ಬಳಸಿ ಬಳಸಿ ಸವೆದಿತ್ತು. ಎಷ್ಟು? ಬಡಗಿಗಳ ಲೆಕ್ಕದಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೆಯ ಒಂದು ಭಾಗ. ಅಷ್ಟರಿಂದ ಕುದುರೆ ದಂಡಿಯ ಕಡೆಗೆ ಒಂದು ನೂಲು ಮುಂದೆ ಬಂದು ಕೂತಿತು. ಮುದುಕ ಕನ್ನಡಕ ಮೇಲೆತ್ತಿ ನೋಡಿದ, ತೃಪ್ತಿಯಿಂದ ತಲೆಯಾಡಿಸಿದ, ಸ್ಕ್ರೂ ಬಿಗಿದ.

ಒಂದು ನೂಲಿನಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಬರಿಯ ತಂತಿ ಮೀಟಿದರೆ ಏನೂ ಆಗುವುದಿಲ್ಲ. ಶ್ರುತಿ ಮಾಡಿದ ಹಾಗೆಯೇ ನುಡಿಯುತ್ತದೆ. ಮೊದಲ ಎರಡು ಮೂರು ಮೆಟ್ಟಿಲುಗಳಲ್ಲೂ ಹೆಚ್ಚುಕಡಿಮೆ ಸರಿ. ಆದರೆ ಬೆರಳು ಮೇಲಿನ ಮೆಟ್ಟಿಲುಗಳಿಗೆ ಏರಿದಂತೆ ಸ್ವರ ತನ್ನ ಜಾಗ ಬಿಟ್ಟು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ. ಹಾಡುವವರ ಸ್ವರ ಒಂದು ಕಡೆ, ನನ್ನದು ಅದರ ಪಕ್ಕದಲ್ಲಿ. ಕೇಳುವವರಿಗೆ ಹಲ್ಲಿನ ನಡುವೆ ಮರಳು ಸಿಕ್ಕ ಹಾಗೆ.

ಇದು ನನಗೆ ಆಗ ತಿಳಿಯಲಿಲ್ಲ. ಹೊಸ ಬಣ್ಣದ ಜಂಬದಲ್ಲಿ ನಾನು ರೈಲು ಹತ್ತಿ ಹುಬ್ಬಳ್ಳಿಗೆ ಬಂದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನನ್ನು ಕೊಂಡವನು ಇಮ್ಯಾನುಯೆಲ್ ಬೆಟಗೇರಿ. ಆಗ ಇಪ್ಪತ್ತೇಳು ವರ್ಷ. ಅವನ ನೌಕರಿ ನನಗೆ ಬಹಳ ಇಷ್ಟವಾಗಿತ್ತು. ರೈಲು ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಗೆ ಬಡಿಯುತ್ತ ಹೋಗುವುದು. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟ ಗಾಲಿ ಒಡೆದ ಮಡಕೆಯ ಹಾಗೆ ಸತ್ತ ದನಿ ಕೊಡುತ್ತದೆ. ಸಾವಿರಾರು ಜನರ ಪ್ರಾಣ ಅವನ ಕಿವಿಯ ಮೇಲೆ ಕೂತು ಪ್ರಯಾಣ ಮಾಡುತ್ತಿತ್ತು. ಭಾನುವಾರ ಅದೇ ಕಿವಿ ಹಿಡಿದುಕೊಂಡು ರೈಲ್ವೆ ಕಾಲೊನಿಯ ಹಿಂದಿನ ಕ್ರೈಸ್ತ ದೇವಾಲಯದಲ್ಲಿ ಕೀರ್ತನೆ ಹಾಡುತ್ತಿದ್ದ. ಹಿಂದಿನ ಸಾಲಿನಲ್ಲಿ ನಿಂತರೂ ಅವನ ದನಿ ಎಲ್ಲರ ದನಿಯನ್ನು ಹೆಗಲ ಮೇಲೆ ಹೊತ್ತ ಹಾಗೆ ಕೇಳುತ್ತಿತ್ತು.

ಅವನು ಹೊಂಬಳ ಮಾಸ್ತರರ ಆರ್ಕೆಸ್ಟ್ರಾ ಸೇರಿದ. ಮಾಸ್ತರರು ಅಕಾರ್ಡಿಯನ್ ಬಾರಿಸುತ್ತಿದ್ದರು, ಊರೂರಿಗೆ ಮದುವೆ, ಗಣಪತಿ ಹಬ್ಬಗಳಿಗೆ ತಂಡ ಕರೆದೊಯ್ಯುತ್ತಿದ್ದರು. ಮೊದಲ ವಾರವೇ ಇಮ್ಯಾನುಯೆಲ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮುಖ ಗಂಟಿಕ್ಕಿದ. ಬರಿಯ ತಂತಿ ಮೀಟಿದ. ಸರಿ. ಹನ್ನೆರಡನೆಯ ಮೆಟ್ಟಿಲು ಒತ್ತಿದ. ತಲೆ ಕೊಡವಿದ.

"ಮಾಸ್ತರ, ಇದರಾಗ ಏನೋ ಐತ್ರಿ. ಮ್ಯಾಲೆ ಹೋದ್ರ ಸ್ವರ ಏರತೈತಿ."

ಮಾಸ್ತರರು ಬರಿಯ ತಂತಿ ಕೇಳಿದರು, ಅಕಾರ್ಡಿಯನ್ನಿನ ಜೊತೆ ಹೋಲಿಸಿದರು. "ಶ್ರುತಿ ಸರೀನ ಐತೆಲ್ಲೋ. ಒತ್ತೋದು ಕಲಿ ಮೊದಲ."

ಅವನು ಕಲಿತ. ಹಗುರಾಗಿ ಒತ್ತಿದ, ಗಟ್ಟಿಯಾಗಿ ಒತ್ತಿದ, ಒತ್ತಿದ ತಂತಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ನೋಡಿದ. ಮೇಲಿನ ಸ್ವರಕ್ಕೆ ಸರಿಮಾಡಿ ಶ್ರುತಿ ಕೂಡಿಸಿದರೆ ಕೆಳಗಿನದು ಕೆಡುತ್ತಿತ್ತು. ಬೆರಳ ತುದಿ ಕಪ್ಪಾಗಿ ಗಡಸಾಯಿತು. ಎರಡು ವರ್ಷ ಅವನು ನನ್ನ ಜೊತೆ ಹೀಗೆ ಗುದ್ದಾಡಿದ. ನಾನು ಏನು ಮಾಡಲಿ? ಒತ್ತಿದ ಕಡೆ ನುಡಿಯುವುದು ನನ್ನ ಧರ್ಮ. ನುಡಿದೆ.

ಗದಗಿನ ಒಂದು ಮದುವೆ. ಮಧ್ಯಾಹ್ನದ ಊಟದ ಹೊತ್ತು. ಹಾಡುಗಾರ್ತಿ ಒಂದು ನಿಧಾನದ ಪ್ರೇಮಗೀತೆ ಎತ್ತಿಕೊಂಡಳು. ಎರಡು ಚರಣಗಳ ನಡುವೆ ನನ್ನದೊಂದೇ ದನಿ, ಅದೂ ಮೇಲಿನ ಮೆಟ್ಟಿಲುಗಳಲ್ಲಿ. ಇಮ್ಯಾನುಯೆಲ್ ಬಾರಿಸಿದ. ಮುಂದಿನ ಚರಣ ಎತ್ತಬೇಕಾದ ಹಾಡುಗಾರ್ತಿಗೆ ಸ್ವರ ಸಿಗಲಿಲ್ಲ. ಅವಳು ನಿಲ್ಲಿಸಿ, ತಿರುಗಿ, ನಮ್ಮಿಬ್ಬರನ್ನೂ ನೋಡಿದಳು. ಊಟದ ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಪಂಕ್ತಿಯುದ್ದಕ್ಕೂ ಹರಿಯಿತು.

ವ್ಯಾನಿನ ಬಳಿ ಸಾಮಾನು ಏರಿಸುವಾಗ ಅವನು ಇನ್ನೊಮ್ಮೆ ಹೇಳಿದ, "ಮಾಸ್ತರ, ಗಿಟಾರ..."

"ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದ್ಲಂತ," ಎಂದರು ಮಾಸ್ತರರು. ಸಿಟ್ಟಿನಿಂದಲ್ಲ, ಮೆಲ್ಲಗೆ ಹೇಳಿದರು; ಅದೇ ಹೆಚ್ಚು ನಾಟಿತು. "ನೀ ಚಲೋ ಮನುಷ್ಯಾ ಇದ್ದೀಯಪಾ. ಆದ್ರ ನಿನಗ ಕಿವಿ ಇಲ್ಲ. ದೇವರು ಎಲ್ಲಾರಿಗೂ ಎಲ್ಲಾ ಕೊಡೂದಿಲ್ಲ."

ಇಮ್ಯಾನುಯೆಲ್ ಅದನ್ನು ನಂಬಿದ. ಅಷ್ಟು ದೊಡ್ಡವರು ಹೇಳಿದ್ದನ್ನು ನಂಬದೆ ಇರುವುದು ಹೇಗೆ? ಆ ವಾರವೇ ಸಾಹೇಬರಿಗೆ ಅರ್ಜಿ ಬರೆದು ಗಾಲಿ ಬಡಿಯುವ ಕೆಲಸ ಬಿಟ್ಟ. "ನನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ರಿ, ನಾಳೆ ಏನರ ಆದ್ರ?" ಎಂದನಂತೆ. ಅವನನ್ನು ವರ್ಕ್‌ಶಾಪಿನಲ್ಲಿ ಗಾಲಿಗಳ ಅಚ್ಚುಗಳ ಅಳತೆ ತೆಗೆಯುವ ಕಡೆ ಹಾಕಿದರು. ಕೀರ್ತನೆಯ ಮೇಳದಿಂದ ಕೆಳಗಿಳಿದು ಕೊನೆಯ ಬೆಂಚಿಗೆ ಹೋಗಿ ಕೂತ. ನನ್ನನ್ನು ದೇವಾಲಯದ ಪಕ್ಕದ ಕೋಣೆಗೆ ತಂದು ಗೋಡೆಗೆ ಆನಿಸಿ, "ಕಿವಿ ಇದ್ದಾವರು ಯಾರರ ಬಾರಸ್ಲಿ," ಎಂದು ಹೇಳಿ ಹೊರಟುಹೋದ.

ಆ ಕೋಣೆಯಲ್ಲಿ ನಾನು ಬಹಳ ಕೈಗಳನ್ನು ಕಂಡೆ. ಪಾದ್ರಿಗಳ ಮೈದುನನೊಬ್ಬ ಆರು ವರ್ಷ ಬಾರಿಸಿದ. ಅವನಿಗೆ ಬರುತ್ತಿದ್ದದ್ದೇ ಮೊದಲ ಮೂರು ಮೆಟ್ಟಿಲು, ಅದರಾಚೆ ಅವನು ಹೋಗಲೇ ಇಲ್ಲ. ನಮ್ಮ ಸಂಸಾರ ಸುಖವಾಗಿತ್ತು. ಆಮೇಲೆ ನನ್ನ ತಂತಿಗಳು ತುಕ್ಕು ಹಿಡಿದವು. ಮೂರು ಕ್ರಿಸ್ಮಸ್ ನಾಟಕಗಳಲ್ಲಿ ನನಗೆ ಬಂಗಾರದ ಕಾಗದ ಸುತ್ತಿ ದಾವೀದ ಅರಸನ ಕಿನ್ನರಿ ಮಾಡಿದರು. ಆ ಪಾತ್ರ ನನಗೆ ಚೆನ್ನಾಗಿ ಒಪ್ಪುತ್ತಿತ್ತೆಂದು ನೋಡಿದವರು ಹೇಳಿದ್ದಾರೆ.

ಪ್ರತಿ ಭಾನುವಾರ ಬಾಗಿಲ ಸಂದಿಯಿಂದ ಕೊನೆಯ ಬೆಂಚು ನನಗೆ ಕಾಣುತ್ತಿತ್ತು. ಕೀರ್ತನೆ ಶುರುವಾದಾಗ ಇಮ್ಯಾನುಯೆಲ್ ಪುಸ್ತಕ ತೆರೆಯುತ್ತಿದ್ದ, ತುಟಿ ಆಡಿಸುತ್ತಿದ್ದ. ದನಿ ಮಾತ್ರ ಹೊರಗೆ ಬಿಡುತ್ತಿರಲಿಲ್ಲ. ಅವನ ಕೂದಲು ಬೆಳ್ಳಗಾಗುವುದನ್ನು ನಾನು ಆ ಸಂದಿಯಿಂದಲೇ ನೋಡಿದೆ.

ಇಪ್ಪತ್ತೈದು ವರ್ಷ ಹೀಗೆ ಕಳೆದ ಮೇಲೆ ಸಾಲೋಮಿ ಬಂದಳು. ಆಸ್ಪತ್ರೆಯಲ್ಲಿ ನರ್ಸು, ಮೂವತ್ತರ ಆಸುಪಾಸು, ಮಾತು ಕಡಿಮೆ, ಹಟ ಹೆಚ್ಚು. ದೇವಾಲಯದ ಹಾಡಿಗೆ ಗಿಟಾರ್ ಬೇಕೆಂದು ನನ್ನನ್ನು ಹೊರಗೆಳೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಹೊತ್ತೊಯ್ದಳು.

ಅಲ್ಲಿ ನನಗೆ ಹೊಸ ತಂತಿ ಬಂದವು. ಹಳೆಯ ಬಿರಡೆಗಳು ಜಾರುತ್ತಿದ್ದವು, ಅವನ್ನೂ ಬದಲಾಯಿಸಿದರು. ದಂಡಿಯ ತಲೆಯ ಬಳಿ ತಂತಿ ಹಾಯುವ ಕಚ್ಚುಪಟ್ಟಿಯಲ್ಲಿ ತಂತಿ ಸಿಕ್ಕಿಕೊಂಡು 'ಟಿಣ್' ಎನ್ನುತ್ತಿತ್ತು. ಅಲ್ಲಿಗೆ ಪೆನ್ಸಿಲಿನ ಸೀಸ ತಿಕ್ಕಿದರು, ಜಾರಿಕೆ ಬಂತು. ಬಾಗಿದ ದಂಡಿಯನ್ನು ಒಳಗಿನ ಸರಳು ತಿರುಗಿಸಿ ನೆಟ್ಟಗೆ ಮಾಡಿದರು. ಇಷ್ಟಾದ ಮೇಲೆ ಒಮ್ಮೆ ಕೂಡಿಸಿದ ಶ್ರುತಿ ಮೂರು ದಿನವಾದರೂ ಕದಲುತ್ತಿರಲಿಲ್ಲ. ನನಗೆ ಯೌವನ ಬಂದ ಹಾಗಾಯಿತು. ಆದರೆ ಸಾಲೋಮಿ ಹನ್ನೆರಡನೆಯ ಮೆಟ್ಟಿಲು ಒತ್ತಿದಳು, ಮುಖ ಗಂಟಿಕ್ಕಿದಳು. ಶ್ರುತಿ ನಿಲ್ಲುವುದು ಬೇರೆ, ಸ್ವರ ಕೂಡುವುದು ಬೇರೆ.

"ಹಳೇ ಮಾಲು ಮೇಡಂ," ಎಂದ ಅಂಗಡಿಯವ. "ಇಷ್ಟ ಆಗೂದು. ಹೊಸಾದ ತಗೊಂಡು ಬಿಡ್ರಿ."

ಅವಳು ಹೊಸದನ್ನು ತೆಗೆದುಕೊಳ್ಳಲಿಲ್ಲ. ಒಂದು ದಿನ ಅವಳ ವಾರ್ಡಿಗೆ ಕೈ ಸುಟ್ಟುಕೊಂಡ ಹೆಂಗಸೊಬ್ಬರು ಬಂದರು. ಹೆಸರು ಜೈತುನಬಿ, ಊರು ಧಾರವಾಡ. ಅರಗು ಕಾಯಿಸುವಾಗ ಮೈಮರೆತು ಸುಟ್ಟುಕೊಂಡದ್ದು. ಅರಗು ಯಾಕೆ ಎಂದು ಕೇಳಿದರೆ, ತಂಬೂರಿ, ಸಿತಾರ ರಿಪೇರಿ ಎಂದರು. ಅಪ್ಪನಿಂದ ಬಂದ ಕೆಲಸ, ಮೂವತ್ತು ವರ್ಷದಿಂದ ಅದೇ. ಬ್ಯಾಂಡೇಜು ಕಟ್ಟಿ ಮುಗಿಯುವುದರೊಳಗೆ ಸಾಲೋಮಿ ನನ್ನ ಸ್ವರದ ತೊಂದರೆಯನ್ನೆಲ್ಲ ಹೇಳಿದ್ದಳು.

ಕೈ ಮಾಗಿದ ಮೇಲೆ ಜೈತುನಬಿ ನನ್ನನ್ನು ತಮ್ಮ ಅಂಗಡಿಯ ಚಾಪೆಯ ಮೇಲೆ ಮಲಗಿಸಿಕೊಂಡರು. ಸುತ್ತಲೂ ಸೋರೆಬುರುಡೆಯ ತಂಬೂರಿಗಳು ನನ್ನ ಕೆಂಪು ಮೈಯನ್ನು ನೋಡಿ ಬೆರಗಾಗಿ ನಿಂತಿದ್ದವು. ಅವರು ನನ್ನಂಥದನ್ನು ಹಿಂದೆಂದೂ ಮುಟ್ಟಿರಲಿಲ್ಲ. ಆದರೂ ಕೈ ಹಿಂಜರಿಯಲಿಲ್ಲ. ತಂತಿ ಎಂದ ಮೇಲೆ ತಂತಿ.

ಮೊದಲು ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳ ತುದಿಯಿಂದ ಬರೀ ಸೋಕಿಸಿ ಮೀಟಿದರು. ಸಣ್ಣ ಗಂಟೆಯಂಥ ಸ್ವರ ಬಂತು. ಅದು ತಂತಿ ತಾನಾಗಿ ಹೇಳುವ ಸ್ವರ, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿದರು. ಎರಡೂ ಒಂದೇ ಇರಬೇಕಿತ್ತು. ಒತ್ತಿದ್ದು ಏರಿ ನಿಂತಿತ್ತು.

"ತಂತಿ ಗಿಡ್ಡ ಐತಿ ತಂಗಿ," ಎಂದರು.

"ಹೊಸಾ ತಂತಿನ ಹಾಕ್ಸೀನಲ್ರಿ ಅಕ್ಕಾ?"

"ಎಷ್ಟ ಹೊಸಾದ ಹಾಕಿದ್ರೂ ಗಿಡ್ಡನ ಆಗತೈತಿ. ನೋಡಿಲ್ಲೆ." ಅವರು ಹೊಲಿಗೆಯ ದಾರ ತೆಗೆದು, ದಂಡಿಯ ತಲೆಯ ಕಚ್ಚುಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲವರೆಗೆ ಅಳೆದರು. ಅದೇ ದಾರವನ್ನು ಆ ಮೆಟ್ಟಿಲಿನಿಂದ ಕೆಳಕ್ಕೆ ಚಾಚಿದರು. ದಾರದ ತುದಿ ಕುದುರೆಯ ಮೇಲೆ ಬೀಳಬೇಕಿತ್ತು. ಅದನ್ನು ದಾಟಿ ಹೋಯಿತು. "ಮೆಟ್ಟಲಾ ಬರೊಬ್ಬರಿ ಅದಾವು. ಕುದುರಿ ತಪ್ಪಿದ ಜಾಗಾದಾಗ ನಿಂತೈತಿ. ಹುಟ್ಟಿದಾಗಿಂದನ."

ಸಾಲೋಮಿ ದಾರ ಇಸಿದುಕೊಂಡು ತಾನೂ ಒಮ್ಮೆ ಅಳೆದಳು. ಆಮೇಲೆ ಕೊನೆಯ ಬೆಂಚಿನ ಇಮ್ಯಾನುಯೆಲ್ ಕಾಕಾನ ವಿಷಯ ಹೇಳಿದಳು. "ಅವರಿಗೆ ಕಿವಿ ಇಲ್ಲ ಅಂತ ಬಿಡಿಸಿದ್ರಂತ ಅಕ್ಕಾ. ನಾವೂ ಹಂಗ ಅನಕೊಂಡೀವಿ."

ಜೈತುನಬಿಯ ಮುಖ ಕೆಂಪಾಯಿತು. "ಕಿವಿ ಇಲ್ಲದಾವಗ ಇದು ತಪ್ಪೈತಿ ಅಂತ ತಿಳಿಯೂದ ಇಲ್ಲ. ಕಿವಿ ಇತ್ತು, ಅದಕ್ಕ ಕೇಳಿಸ್ತು. ಅವರನ ಕರಕೊಂಡು ಬಾ. ಅವರು ಬಂದು ಕೇಳೋತನಕಾ ನಾ ಇದಕ್ಕ ತೂತ ಹೊಡಿಯಂಗಿಲ್ಲ."

ಅದು ಮರ್ಯಾದೆಯ ಮಾತಷ್ಟೇ ಆಗಿರಲಿಲ್ಲ. ಜೈತುನಬಿಯ ಕಿವಿ ತಂಬೂರಿಯ ಕಿವಿ. ಗಿಟಾರಿನ ಮೆಟ್ಟಿಲುಗಳ ಲೆಕ್ಕ ಬೇರೆ. ನನ್ನ ಸ್ವರಗಳ ನಡುವೆ ಓಡಾಡಿದ ಕಿವಿಯೇ ಬೇಕೆಂದು ಅವರಿಗೆ ಗೊತ್ತಿತ್ತು. ಒಮ್ಮೆ ತೂತು ತಪ್ಪಿದರೆ ನನ್ನ ಮೈ ಮತ್ತೆ ಮತ್ತೆ ಕೊರೆಸಿಕೊಳ್ಳುವಂಥದಲ್ಲ.

ಇಮ್ಯಾನುಯೆಲ್ ಬರಲು ಮೂರು ವಾರ ಒಪ್ಪಲಿಲ್ಲ. ನಾಲ್ಕನೆಯ ಶನಿವಾರ ಬೆಳಿಗ್ಗೆ ಸಾಲೋಮಿ ಅವನ ಮನೆಯ ಬಾಗಿಲಲ್ಲಿ ಕೂತೇಬಿಟ್ಟಳಂತೆ. ಅಂಗಡಿಯೊಳಗೆ ಬಂದವನು ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಹಚ್ಚಿ, ನನ್ನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕೂತ. ಜೈತುನಬಿ ಅವನ ಮುಂದೆ ದಾರ ಹಿಡಿದು ಅಳೆದು ತೋರಿಸಿದರು.

ಅವನು ಅಂಗಿಯ ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದ. ವರ್ಕ್‌ಶಾಪಿನವರು ಅದಿಲ್ಲದೆ ಓಡಾಡುವುದಿಲ್ಲ. ತಾನೇ ಅಳೆದ. ಇನ್ನೊಮ್ಮೆ ಅಳೆದ.

"ಇಪ್ಪತ್ತೈದು ವರ್ಷ ರೈಲಿನ ಅಚ್ಚು ಅಳದೀನಿ," ಎಂದ. "ಕೂದಲೆಳಿ ತಪ್ಪಿದ್ರ ವಾಪಸ್ ಕಳಸ್ತಿದ್ದೆ. ಇದನ್ನೊಂದು ಅಳದು ನೋಡಬೇಕಂತ ನನಗ ಹೊಳೀಲೇ ಇಲ್ಲ. ನನ್ನ ಕಿವಿ ಅಂದ್ರು. ನಾನೂ ಹೌದಂದೆ."

"ಈಗ ಕಣ್ಣ ಮುಚ್ರಿ," ಎಂದರು ಜೈತುನಬಿ. "ನಾ ಕುದುರಿ ಸರಸ್ತೀನಿ. ನೀವ ಹೇಳ್ರಿ."

ಅವರು ಕುದುರೆಯ ಎರಡೂ ಸ್ಕ್ರೂ ಬಿಚ್ಚಿದರು. ತಂತಿಗಳ ಬುಡ ಬಾಲದ ಪಟ್ಟಿಯಲ್ಲಿದ್ದುದರಿಂದ ಕುದುರೆ ಅವುಗಳ ಒತ್ತಡಕ್ಕೇ ನಿಂತುಕೊಂಡಿತು. ಜನ್ಮದಲ್ಲಿ ಮೊದಲ ಸಲ ಅದು ಸಡಿಲವಾಗಿತ್ತು. ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿ, ಮತ್ತೆ ಶ್ರುತಿ ಕೂಡಿಸಿ, ಸೋಕಿಸಿ ಒಮ್ಮೆ, ಒತ್ತಿ ಒಮ್ಮೆ ಮೀಟಿದರು.

"ಏರೈತಿ."

ಇನ್ನಷ್ಟು ತಳ್ಳಿದರು.

"ಇನ್ನೂ ಏರೈತಿ... ಇನ್ನ ಸ್ವಲ್ಪ... ದಾಟ್ತು. ಇಳೀತು. ಮುಂದ ಬರ್ರಿ. ಒಂದ ಎಳಿ." ಅವನ ಬೆನ್ನು ಯಾವಾಗ ಗೋಡೆ ಬಿಟ್ಟು ನೆಟ್ಟಗಾಯಿತೋ ಅವನಿಗೇ ತಿಳಿಯಲಿಲ್ಲ. "ನಿಲ್ರಿ! ಅಲ್ಲೆ. ಸಣ್ಣ ತಂತಿಗೆ ಅದ ಜಾಗಾ. ದಪ್ಪನ್ನ ತಂತಿ ಕಡೆ ಇನ್ನಷ್ಟು ಹಿಂದ ಬೇಕು, ಕುದುರಿ ಓರೆ ನಿಲ್ಲಬೇಕು."

ಓರೆ ನಿಲ್ಲಿಸಿದರು. ಅವನು ಹೇಳಿದ, ಅವರು ಸರಿಸಿದರು. ಹೊರಗೆ ಟಾಂಗಾ, ರಿಕ್ಷಾಗಳ ಸದ್ದು, ಒಳಗೆ 'ಹೂಂ', 'ಉಹೂಂ'. ಕೊನೆಗೆ ಸೋಕಿಸಿದ ಸ್ವರ, ಒತ್ತಿದ ಸ್ವರ ಎರಡೂ ಒಂದರೊಳಗೊಂದು ಕರಗಿದವು. ನನ್ನ ಮೈ ಪೂರ್ತಿ ಝುಮ್ಮೆಂದಿತು. ಮೂಲೆಯ ತಂಬೂರಿಯೊಂದರ ತಂತಿ ಯಾರೂ ಮುಟ್ಟದೆ ಮೆಲ್ಲಗೆ ನುಡಿಯಿತು.

ಜೈತುನಬಿ ಪೆನ್ಸಿಲಿನಿಂದ ಗುರುತು ಹಾಕಿ, ಡ್ರಿಲ್ಲನ್ನು ಇಮ್ಯಾನುಯೆಲ್ ಕಡೆ ಚಾಚಿದರು. "ತೂತ ನೀವ ಹೊಡೀರಿ. ಕಬ್ಬಿಣ ಪಳಗಿಸಿದ ಕೈ ಅದು."

ಅವನು ತಂತಿ ಕಳಚಿ, ಹಳೆಯ ತೂತುಗಳಿಗೆ ಮರದ ಚಕ್ಕೆ, ಗೋಂದು ತುಂಬಿ, ಹೊಸ ತೂತು ಕೊರೆದ. ನೋವಾಯಿತೇ ಎಂದರೆ, ಇಲ್ಲ. ಎಲುಬು ಕೂಡಿಸುವವರ ಕೈಯಲ್ಲಿ ನೋವು ಹಾಗೂ ಸುಖ ಒಟ್ಟಿಗೇ ಬರುತ್ತವೆ. ತಿರುಗಿ ತಂತಿ ಹಾಕಿ, ಶ್ರುತಿ ಮಾಡಿ, ಅವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನಿಂದ ಮೇಲಿನ ತುದಿಯವರೆಗೆ ಒಂದೊಂದೇ ಮೆಟ್ಟಿಲು ಹತ್ತಿದ. ಎಲ್ಲೂ ಎಡವಲಿಲ್ಲ.

"ಹೊಂಬಳ ಮಾಸ್ತರು ಇದ್ದಿದ್ರ ಒಮ್ಮೆ ಕೇಳಸ್ತಿದ್ದೆ," ಎಂದ. ಮಾಸ್ತರರು ತೀರಿ ಹನ್ನೊಂದು ವರ್ಷವಾಗಿತ್ತು. ಅದೊಂದು ಬಾಕಿ ಹಾಗೇ ಉಳಿಯಿತು.

ಸುಗ್ಗಿ ಹಬ್ಬದ ಭಾನುವಾರ ದೇವಾಲಯದ ತುಂಬ ಜೋಳದ ತೆನೆ, ಕುಂಬಳ, ಬಾಳೆಗೊನೆ. ಸಾಲೋಮಿ ನನ್ನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಇಮ್ಯಾನುಯೆಲ್ ಮೇಳದ ಹಿಂದಿನ ಸಾಲಿನಲ್ಲಿ. ಮೊದಲ ಚರಣಕ್ಕೆ ಅವನ ತುಟಿ ಮಾತ್ರ ಆಡಿತು. ಎರಡನೆಯದಕ್ಕೆ ದನಿ ಬಂತು, ತುಕ್ಕು ಹಿಡಿದ ದನಿ. ಮೂರನೆಯದಕ್ಕೆ ತುಕ್ಕು ಉದುರಿತು. ಮುಂದಿನ ಬೆಂಚುಗಳ ಹಳಬರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ನಾಲ್ಕನೆಯ ಚರಣದ ನಡುವೆ ನನ್ನ ಸಣ್ಣ ತಂತಿ ಟಪ್ಪೆಂದು ಹರಿಯಿತು. ಸಾಲೋಮಿ ಗಾಬರಿಯಾಗಿ ಕೈ ನಿಲ್ಲಿಸಿದಳು. ಅವನು ನಿಲ್ಲಿಸಲಿಲ್ಲ. ಆಸರೆ ಇಲ್ಲದೆ ಒಬ್ಬನೇ ಆ ಸ್ವರದ ಮೇಲೆ ನಿಂತು ಚರಣ ಮುಗಿಸಿದ. ಮರುದಿನ ಅದೇ ಸ್ವರ ಹಿಡಿದು ನನ್ನನ್ನು ಮೀಟಿ ನೋಡಿದ, ಕೂದಲೆಳೆಯೂ ತಪ್ಪಿರಲಿಲ್ಲ.

ಈಗ ನಾನು ಅವನ ಮನೆಯ ಪಡಸಾಲೆಯ ಗೋಡೆಯಲ್ಲಿದ್ದೇನೆ. ಸಾಲೋಮಿಗೆ ಬಳ್ಳಾರಿಗೆ ವರ್ಗವಾಯಿತು, ಹೋಗುವಾಗ ನನ್ನನ್ನು ಇಲ್ಲೇ ಬಿಟ್ಟಳು. ಇಮ್ಯಾನುಯೆಲ್‌ಗೆ ಎಪ್ಪತ್ತು. ಶನಿವಾರ ಬಂತೆಂದರೆ ಜನ ಗಿಟಾರ್‌ಗಳನ್ನು ಹೊತ್ತು ತರುತ್ತಾರೆ. ತಂದವರು ಬಾರಿಸುವುದನ್ನು ಕೇಳುವ ಮೊದಲು ಅವನು ಸ್ಕೇಲು ಹಿಡಿಯುತ್ತಾನೆ. ಹೀಗೆ ಎಷ್ಟೋ ಕುದುರೆಗಳು ಜಾಗಕ್ಕೆ ಬಂದಿವೆ, ಎಷ್ಟೋ ಮಂದಿ ತಲೆಯೆತ್ತಿಕೊಂಡು ಈ ಮನೆಯ ಮೆಟ್ಟಿಲು ಇಳಿದುಹೋಗಿದ್ದಾರೆ.

ಹೋದ ಶನಿವಾರ ಒಬ್ಬ ಬಸ್ ಕಂಡಕ್ಟರ್ ಬಂದಿದ್ದ, ಯಮನೂರಪ್ಪ ಅಂತ. ನಲವತ್ತು ದಾಟಿದವ. ಹೊಸ ಗಿಟಾರ್, ಫಳಫಳ ಹೊಳೆಯುವ ನೀಲಿ. "ಇದರ ಸ್ವರ ಕೂಡವಲ್ದ್ರಿ ಕಾಕಾರ. ಎಲ್ಲಾರೂ ನಗತಾರ. ನಿಮ್ಮ ಕಡೆ ಹೋದ್ರ ಗಿಟಾರದ್ದ ತಪ್ಪ ಅಂತ ಹೇಳ್ತಾರ ಅಂದ್ರು."

ಇಮ್ಯಾನುಯೆಲ್ ಅಳೆದ. ಸೋಕಿಸಿ ಕೇಳಿದ, ಒತ್ತಿ ಕೇಳಿದ. ಆರೂ ತಂತಿ, ಒಂದೊಂದಾಗಿ. ನಾನು ಗೋಡೆಯ ಮೇಲಿಂದ ಕೇಳುತ್ತಲೇ ಇದ್ದೆ, ನನಗೆ ಗೊತ್ತಾಗಿತ್ತು. ನೀಲಿಯದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

"ಗಿಟಾರ ಬರೊಬ್ಬರಿ ಐತಿ," ಎಂದ ಇಮ್ಯಾನುಯೆಲ್.

ಯಮನೂರಪ್ಪನ ಮುಖ ಇಳಿದುಹೋಯಿತು. "ಹಂಗಾದ್ರ ನನ್ನ ಕಿವೀನ..."

"ಆ ಮಾತ ಆಡಬ್ಯಾಡ," ಎಂದು ಇಮ್ಯಾನುಯೆಲ್ ಅವನನ್ನು ಅಲ್ಲಿಗೇ ತಡೆದ. "ನಾಕ ಮಂದಿ ನಕ್ಕರಂತ ಅದನ್ನ ಬಾಯಾಗ ತರಬ್ಯಾಡ. ಸ್ವರ ಕೂಡಿಲ್ಲಂತ ನಿನಗ ಕೇಳಿಸೇತೋ ಇಲ್ಲೋ?"

"ಕೇಳಸ್ತದ್ರಿ."

"ಮತ್ತ? ಕಿವಿ ಐತಿ. ಬೆರಳಿಗೆ ಇನ್ನೂ ತಿಳಿದಿಲ್ಲ, ಅಷ್ಟ. ಡ್ಯೂಟಿಗೆ ಎಷ್ಟೊತ್ತಿಗೆ ಹೋಗಬೇಕು?"

"ಎರಡಕ್ಕ್ರಿ."

"ಇನ್ನೂ ಮೂರ ತಾಸೈತಿ. ಬಾ, ಈ ಕಡೆ ಬೆಳಕಿಗೆ ಕೂಡು."